ಅತ್ತೆಯ ಹದಿನಾರನೇ ತಾರೀಕು

ದಂಡೆಗೆ ಬಂದು ಮುಂಬಾಗಿಲನ್ನೇ ಮರಳಿಗೆ ಕೆಡವುವ ಸೈನ್ಯದ ದೋಣಿಗೆ ಕಿನ್‌ಮೆನ್ ದ್ವೀಪದವರು ‘ಬಾಯಗಲ’ ಅಂತ ಹೆಸರಿಟ್ಟಿದ್ದರು. ಅದನ್ನು ನಡೆಸುತ್ತಿದ್ದ ಸಿಪಾಯಿ ಬೂನ್‌ಖೇ ಮಾತ್ರ ಬಾಯಿ ಬಿಡುವ ಆಸಾಮಿಯೇ ಅಲ್ಲ. ಯುದ್ಧದ ವರ್ಷ ಗುಂಡುಗಳ ನಡುವೆಯೇ ಹಿಟ್ಟು, ಮದ್ದು, ಹಂದಿ ಎಲ್ಲ ಸಾಗಿಸಿದ. ಜೀವದ ಗೆಳೆಯನೊಬ್ಬನನ್ನು ಅದೇ ಮರಳಿನ ಮೇಲೆ ಕಳೆದುಕೊಂಡ. ಆಮೇಲೆ ಆಚೆ ದಡದ ಶತ್ರು ಸೈನ್ಯದವರು ಬೆಸ ತಾರೀಕಿಗೆ ಮಾತ್ರ ಫಿರಂಗಿ ಹಾರಿಸತೊಡಗಿದರು. ಸರಿ ತಾರೀಕಿಗೆ ಜನ ಸಂತೆ ಮಾಡಿದರು, ಹಾಸಿಗೆ ಒಣಗಿಸಿದರು. ಬೂನ್‌ಖೇ ಪಕ್ಕದ ಚಿಕ್ಕ ದ್ವೀಪದ ಗುವೇಹಾಳನ್ನು ಮೆಚ್ಚಿಕೊಂಡ.

ಹೆಣ್ಣಿನ ತಾಯಿ ಹದಿನಾರಕ್ಕೆ ಮದುವೆ ಎಂದಾಗ, ಸರಿ ಸಂಖ್ಯೆಯಲ್ಲವೇ ಅಂತ ತಲೆಯಾಡಿಸಿಬಿಟ್ಟ ಪುಣ್ಯಾತ್ಮ. ಆಕೆಯ ಹದಿನಾರು ಚಂದ್ರನ ಪಂಚಾಂಗದ್ದು. ಫಿರಂಗಿಯವರು ನೋಡುವುದು ಗೋಡೆಯ ಕ್ಯಾಲೆಂಡರು. ಅದರಲ್ಲಿ ಅಂದು ಹದಿನೈದು!

ತಿಳಿದೊಡನೆ ಓಡಿದ. “ಅಮ್ಮಾ, ಅವತ್ತು ಆಗಲ್ಲ.”

“ಒಳ್ಳೇ ದಿನ ನೋಡಿಸಿದ್ದೀನಿ ಕಣಯ್ಯಾ. ಸಿಪಾಯಿ ಆಗಿ ಹೆದರ್ತೀಯಾ? ಅವತ್ತೇ ದೋಣೀಲಿ ಕರ್ಕೊಂಡು ಹೋಗು, ಇಲ್ಲಾ ಹುಡುಗೀನ ಮರ್ತುಬಿಡು.”

“ಹೆದರ್ತೀನಮ್ಮಾ. ಬೆಸ ದಿನ ಇವಳನ್ನ ಆ ಮರಳಿನ ಮೇಲೆ ಇಳಿಸಲ್ಲ. ಮರೀಬೇಕು ಅಂದ್ರೆ ಮರೀತೀನಿ,” ಅಂದವನೇ ದೋಣಿಯತ್ತ ನಡೆದ.

ಕ್ಯಾಲೆಂಡರಿನ ಹದಿನಾಲ್ಕರ ಬೆಳಿಗ್ಗೆ ಅವನು ಹಿಟ್ಟಿನ ಮೂಟೆ ಇಳಿಸಿ ಹೊರಡುವಷ್ಟರಲ್ಲಿ ಗುವೇಹಾ ಕೆಂಪು ಗಂಟು ಹಿಡಿದು ದೋಣಿ ಹತ್ತಿದಳು. ಹಿಂದೆಯೇ ತಾಯಿ ಏದುಸಿರು ಬಿಡುತ್ತ ಬಂದಳು.

“ಎಲ್ಲಿಗೇ ಹೊರಟೆ, ಮಾನಗೆಟ್ಟವಳೇ?”

“ನಿನ್ನ ಒಳ್ಳೇ ದಿನ ನಾಳೆ ತಾನೇ? ಇವರ ಚಿಕ್ಕಮ್ಮನ ಮನೇಲಿ ಕಾಯ್ತೀನಿ. ನೀನೂ ಬಾ.”

ತಾಯಿ ಬೈಯುತ್ತಲೇ ಹತ್ತಿದಳು. ದಾರಿಯುದ್ದಕ್ಕೂ ಬೈದಳು. ಬೂನ್‌ಖೇಗೆ ಆ ಬೈಗುಳ ಓಲಗದಷ್ಟು ಇಂಪಾಗಿ ಕೇಳಿಸಿತು.

ಮರುದಿನ, ಪಂಚಾಂಗ ಹೇಳಿದ ಗಳಿಗೆಗೆ ಸರಿಯಾಗಿ, ಫಿರಂಗಿಯಿಂದ ಅಡಗಲು ಊರವರು ತೋಡಿದ್ದ ಸುರಂಗದಲ್ಲಿ ಹುಡುಗಿ ಕೆಂಡದ ಬಟ್ಟಲು ದಾಟಿ ಗಂಡನ ಮನೆಯವಳಾದಳು. ಊಟಕ್ಕೆ ಕೂತಾಗ ನೆಲ ನಡುಗಿತು, ತಟ್ಟೆಗಳು ಕುಣಿದವು.

“ಎಲ್ಲಿ ಬಿತ್ತಪ್ಪಾ?” ಅತ್ತೆ ಕೇಳಿದಳು.

ಆ ಸದ್ದಿನ ದಿಕ್ಕು ಬೂನ್‌ಖೇಗೆ ಚೆನ್ನಾಗಿ ಗೊತ್ತಿತ್ತು. “ನನ್ನ ದೋಣಿ ನಿಲ್ಲೋ ಜಾಗದಲ್ಲಿ.”

ಆಕೆ ಮಗಳ ಮುಖ ನೋಡಿದಳು. ಮೀನಿನ ದಪ್ಪ ತುಂಡುಗಳನ್ನೆಲ್ಲ ಆರಿಸಿ ಆರಿಸಿ ಅಳಿಯನ ಬಟ್ಟಲಿಗೆ ಹಾಕಿದಳು.

“ಉಣ್ಣಪ್ಪಾ,” ಅಂದಳು. “ಎಲ್ರಿಗಿಂತ ಮೊದಲು ನೀನು ಉಣ್ಣು.”