ದೊಡ್ಡ ಮಾಂಸದ ಗ್ರೇವಿ, ಒತ್ತು ಶಾವಿಗೆ

ಕುದಿಯುತ್ತಿರುವ ಗ್ರೇವಿಗೆ ಬಲಗೈಯ ಎರಡು ಬೆರಳು ಇಳಿಸಿ, ಮಾಂಸದ ತುಂಡೊಂದನ್ನು ಎತ್ತಿ, ಹೆಬ್ಬೆರಳಿನಿಂದ ಹಿಸುಕಿ ನೋಡಿ, ಮತ್ತೆ ಪಾತ್ರೆಗೇ ಬಿಡುತ್ತಿದ್ದರು ನಮ್ಮ ಅತ್ತೆ. ನೋಡಿದವರ ಎದೆ ಝಲ್ಲೆನ್ನಬೇಕು. ಅವರಿಗೆ ಏನೂ ಇಲ್ಲ. ಹನ್ನೆರಡನೇ ವಯಸ್ಸಿನಿಂದ ರೇಷ್ಮೆ ಬಿಚ್ಚಾಣಿಕೆಯ ಬೇಸಿನ್ ಮುಂದೆ ಕೂತು, ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ ಹುಡುಕಿ ಅವರ ಬೆರಳ ತುದಿಗಳು ಬೆಳ್ಳಗೆ, ನುಣ್ಣಗೆ, ಒಂದು ಗೆರೆಯೂ ಇಲ್ಲದ ಹಾಗೆ ಆಗಿಬಿಟ್ಟಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಲೇ ಇರಲಿಲ್ಲ. "ಆ ಮಷೀನಿನ ಲೆಕ್ಕದಾಗೆ ನಾನು ಇಲ್ವೇ ಇಲ್ವಂತೆ. ಬಾ, ಗ್ರೇವಿನಾದ್ರೂ ಕೇಳಣ" ಎಂದು ನಗುತ್ತಾ ಒಲೆಯ ಮುಂದೆ ಕೂರುತ್ತಿದ್ದರು.

ರಾಮನಗರದ ನಮ್ಮ ಬೀದಿಯಲ್ಲಿ ಹೆಚ್ಚಿನವರು ಬಿಚ್ಚಾಣಿಕೆಯವರೇ. ನನ್ನ ತವರು ಸೋಲೂರಿನ ಕಡೆ. ಅಲ್ಲೂ ಇಲ್ಲೂ ಮನೆಯಲ್ಲಿ ಆಡುವುದು ಉರ್ದು. ಆದರೆ ಒಂದು ಅಡುಗೆಯನ್ನು ಮಾತ್ರ ಅತ್ತೆ ನನಗೆ ಕನ್ನಡದಲ್ಲೇ ಹೇಳಿಕೊಟ್ಟರು. ಅದು ದೊಡ್ಡದರ ಗ್ರೇವಿ ಮತ್ತು ಒತ್ತು ಶಾವಿಗೆ. ದನದ ಮಾಂಸಕ್ಕೆ ನಮ್ಮಲ್ಲಿ 'ದೊಡ್ಡದು' ಅಂತಲೇ ಹೇಳುವುದು. ಕನ್ನಡ ಯಾಕೆಂದರೆ, ಆ ಶಾವಿಗೆಯನ್ನು ಅವರು ಕಲಿತದ್ದು ಮೂಲೆಮನೆಯ ಗೌಡ್ರಮ್ಮನಿಂದ. ಹಿಟ್ಟು ತೊಳಸು, ಉಂಡೆ ಕಟ್ಟು, ಒರಳಿಗೆ ಹಾಕು, ಅದುಮು. ಈ ಮಾತುಗಳು ಅವರ ನಾಲಗೆಗೆ ಉರ್ದುವಿನಲ್ಲಿ ಬರುತ್ತಲೇ ಇರಲಿಲ್ಲ.

ಗೌಡ್ರಮ್ಮ ಅಕ್ಕೂರಿನ ಕಡೆಯವರು. ಅವರ ತವರಿನಲ್ಲಿ ಸಾಕಿದ ಹುಳುವಿನ ಗೂಡನ್ನು ನಮ್ಮ ಮಾವ ಕೊಳ್ಳುತ್ತಿದ್ದರು. ಆ ಗುರುತಿನ ಮೇಲೆ ಇಬ್ಬರು ಹೆಂಗಸರಿಗೂ ಮಾತು ಬೆಳೆಯಿತು. ನನ್ನ ಗಂಡ ಹೊಟ್ಟೆಯಲ್ಲಿದ್ದಾಗ ಅತ್ತೆಗೆ ಒಂದು ತುತ್ತೂ ನಿಲ್ಲುತ್ತಿರಲಿಲ್ಲವಂತೆ. ಗೌಡ್ರಮ್ಮ ಅಕ್ಕಿ ಶಾವಿಗೆ ಒತ್ತಿ, ಕಾಯಿಹಾಲು ಬೆಲ್ಲ ಹಾಕಿ ತಂದುಕೊಟ್ಟರು. ನಿಂತಿತು. ಹೆರಿಗೆಯಾದ ಮೇಲೆ ಅತ್ತೆ ಹೋಗಿ, ಅದೇ ಶಾವಿಗೆಗೆ ನಾನು ನಮ್ಮನೆ ಗ್ರೇವಿ ಹಾಕಿಕೊಂಡು ತಿನ್ನಬೇಕು, ಹೇಗೆ ಒತ್ತುವುದು ಹೇಳಿಕೊಡು ಅಂದರು. "ನಿನ್ನ ಗ್ರೇವಿ ವಿಷ್ಯ ನಂಗೆ ಹೇಳ್ಬ್ಯಾಡ, ಶಾವಿಗೆ ಕಲ್ತ್ಕೊ" ಎಂದರಂತೆ ಗೌಡ್ರಮ್ಮ.

ಆ ಗ್ರೇವಿಯನ್ನು ನಾನು ಎಷ್ಟು ಸಲ ನೋಡಿದರೂ ಅವಸರದಲ್ಲಿ ಮಾಡಿದ್ದನ್ನು ನೋಡಲಿಲ್ಲ. ಮೂಳೆಯ ಸಮೇತ ತುಂಡುಗಳು. ಮೊದಲು ಬರೀ ಅರಿಸಿನ, ಉಪ್ಪು, ಶುಂಠಿ ಬೆಳ್ಳುಳ್ಳಿ. ಕುಕ್ಕರ್ ಮನೆಗೆ ಬಂದ ಮೇಲೂ ಅತ್ತೆ ದೊಡ್ಡದನ್ನು ಹಿತ್ತಲಿನ ಒಲೆಯ ಮೇಲೇ ಇಡುತ್ತಿದ್ದರು. ಕೆಳಗೆ ಹಿಪ್ಪುನೇರಳೆ ಕಡ್ಡಿ, ಸಣ್ಣ ಉರಿ. ಈರುಳ್ಳಿಯನ್ನು ಬೇರೆ ಬಾಣಲೆಯಲ್ಲಿ ಇಟ್ಟಿಗೆ ಬಣ್ಣಕ್ಕೆ ಹುರಿದು, ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ, ಗಸಗಸೆ, ಕಾಯಿ ಸೇರಿಸಿ ರುಬ್ಬಿ, ಮಾಂಸ ಮುಕ್ಕಾಲು ಬೆಂದ ಮೇಲೆ ಹಾಕುವುದು. "ಆತುರ ಇರೋರಿಗೆ ಕೋಳಿ ಐತೆ. ಕಾಯೋರ್ಗೆ ಮಾತ್ರ ದೊಡ್ಡದು" ಎನ್ನುತ್ತಿದ್ದರು. ಗ್ರೇವಿಯ ಹದಕ್ಕೂ ಅವರದೊಂದು ಮಾತಿತ್ತು: "ಶಾವಿಗೆ ಅದ್ನ ಕುಡೀಬೇಕು, ಅದ್ರಾಗೆ ಈಜಬಾರ್ದು." ಅನ್ನಕ್ಕಾದರೆ ಸ್ವಲ್ಪ ನೀರಾದರೂ ನಡೆಯುತ್ತದೆ, ಶಾವಿಗೆ ಮೇಲೆ ಸುರಿದಾಗ ಒಂದೊಂದು ಎಳೆಗೂ ಅಂಟಿ ನಿಲ್ಲಬೇಕು. ತಟ್ಟೆಯ ಅಂಚಿಗೆ ಹರಿದು ಬಂದರೆ ಪಾತ್ರೆ ಮತ್ತೆ ಒಲೆಗೆ.

ಶಾವಿಗೆ ಒತ್ತುವ ಒರಳು ಮಾತ್ರ ಗೌಡ್ರಮ್ಮನದು. ಅವರ ತಾಯಿ ಮದುವೆಯಲ್ಲಿ ಕೊಟ್ಟದ್ದು. ಮೂರು ಕಾಲಿನ ಮರದ ಮಣೆ, ನಡುವೆ ಗುಳಿ, ಗುಳಿಯ ತಳದಲ್ಲಿ ಸಣ್ಣ ತೂತುಗಳ ಹಿತ್ತಾಳೆ ಬಿಲ್ಲೆ, ಮೇಲಿನಿಂದ ಅದುಮಲು ಉದ್ದನೆಯ ಮರದ ಹಿಡಿ. ಒಬ್ಬರು ಹಿಡಿಯ ಮೇಲೆ ಭಾರ ಬಿಡಬೇಕು, ಇನ್ನೊಬ್ಬರು ಕೆಳಗೆ ತಟ್ಟೆ ತಿರುಗಿಸುತ್ತಾ ಎಳೆಗಳನ್ನು ಸುತ್ತಿಕೊಳ್ಳಬೇಕು. ಅದು ನಮ್ಮನೆಗೆ ಬಂದಾಗಲೆಲ್ಲ ಅತ್ತೆ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದರು. ಒರಳು ನಡುಮನೆಯಲ್ಲಿ, ಮಾಂಸ ಹಿತ್ತಲಲ್ಲಿ. ಶಾವಿಗೆ ಒತ್ತಿ, ಒರಳು ತೊಳೆದು ಎತ್ತಿಟ್ಟ ಮೇಲೆಯೇ ಗ್ರೇವಿ ಪಾತ್ರೆ ಒಳಗೆ ಬರಬೇಕು. ಗೌಡ್ರಮ್ಮ ಹೀಗೆ ಮಾಡು ಅಂತ ಒಂದು ದಿನವೂ ಹೇಳಿರಲಿಲ್ಲ. ಅತ್ತೆ ಹೀಗೆ ಮಾಡುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಅಷ್ಟರ ಮೇಲೇ ಮೂವತ್ತು ವರ್ಷ ಆ ಒರಳು ಎರಡು ಮನೆಗೆ ಓಡಾಡಿತ್ತು.

ನಾನು ಮದುವೆಯಾಗಿ ಬಂದ ಎರಡನೇ ವರ್ಷ. ನಾದಿನಿಯ ಅತ್ತೆ ಮನೆಯವರು ಮಾಗಡಿಯಿಂದ ಮೊದಲ ಸಲ ಊಟಕ್ಕೆ ಬರುವವರಿದ್ದರು. ಅತ್ತೆ ಹಿತ್ತಲಿನ ಒಲೆಯ ಮುಂದೆ. ಶಾವಿಗೆಯನ್ನು ಮೊದಲ ಬಾರಿಗೆ ನನಗೆ ವಹಿಸಿದ್ದರು. ನಾದಿನಿ ತಟ್ಟೆ ಹಿಡಿದಿದ್ದಳು. ಬೆಂದ ಹಿಟ್ಟಿನ ಉಂಡೆ ಅಂಟದ ಹಾಗೆ ಒರಳಿನ ಗುಳಿಗೆ ಎಣ್ಣೆ ಸವರಬೇಕು. ಬಾಟಲಿ ನೋಡಿದರೆ ಖಾಲಿ. ಉಂಡೆಗಳು ಆರುತ್ತಿವೆ, ಆರಿದರೆ ಇಳಿಯುವುದಿಲ್ಲ. ಹಿತ್ತಲಿಗೆ ಓಡಿದೆ. ಅತ್ತೆ ಕಡ್ಡಿ ತರಲು ಎದ್ದಿದ್ದರು. ಇನ್ನೂ ಮಸಾಲೆ ಬೀಳದ ಗ್ರೇವಿಯ ಮೇಲೆ ತೇಲುತ್ತಿದ್ದ ಕೊಬ್ಬನ್ನು ಎರಡು ಚಮಚ ತೆಗೆದುಕೊಂಡು ಬಂದು ಗುಳಿಗೆ, ಬಿಲ್ಲೆಗೆ ಚೆನ್ನಾಗಿ ಸವರಿದೆ. ಆ ಕ್ಷಣ ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ. ಶಾವಿಗೆ ಸರಸರನೆ ಇಳಿಯಿತು. ಒರಳನ್ನು ತಣ್ಣೀರಿನಲ್ಲಿ ತೊಳೆದು ಎತ್ತಿಟ್ಟೆ.

ಮಾಗಡಿಯವರು ಬೆರಳು ನೆಕ್ಕಿಕೊಂಡು ಉಂಡರು. ಅತ್ತೆಯೂ ತಟ್ಟೆ ನೋಡಿ, "ಇವತ್ತು ಶಾವಿಗೆ ಏನು ಹೊಳೀತೈತೆ! ನನ್ನ ಸೊಸೆ ಕೈ" ಎಂದು ಬೀಗರ ಮುಂದೆ ಹೇಳಿದರು. ನಾನು ತಲೆ ತಗ್ಗಿಸಿ ನಕ್ಕೆ.

ಬೆಳಿಗ್ಗೆ ಒರಳು ಹಿಂದಿರುಗಿಸಬೇಕಿತ್ತು. ಅತ್ತೆ ಅದನ್ನು ಅಂಗಳದ ಬೆಳಕಿಗೆ ತಂದು, ಬಿಲ್ಲೆ ಬಿಚ್ಚಿ, ಹಾಗೇ ಕೂತುಬಿಟ್ಟರು. ಎಣ್ಣೆ ಆರಿದರೂ ಎಣ್ಣೆಯೇ. ದೊಡ್ಡದರ ಕೊಬ್ಬು ಹಾಗಲ್ಲ, ಮೇಣದ ಹಾಗೆ ಬೆಳ್ಳಗೆ ಕಟ್ಟುತ್ತದೆ. ಹಿತ್ತಾಳೆಯ ತೂತುತೂತಿನಲ್ಲೂ, ಮರದ ಗುಳಿಯ ಸುತ್ತಲೂ ಆ ಬಿಳಿ.

"ಎಣ್ಣೆ ಎಲ್ಲಿಂದ ತಗೊಂಡೆ?" ಎಂದರು, ತಲೆ ಎತ್ತದೆ.

ಹೇಳಿದೆ. ಹೇಳುವಾಗಲೇ ಏನು ಮಾಡಿದೆ ಎಂಬುದು ನನಗೆ ಅರ್ಥವಾಗುತ್ತಾ ಬಂತು.

ನನ್ನ ಗಂಡ ಅಲ್ಲೇ ಹಲ್ಲುಜ್ಜುತ್ತಾ ನಿಂತಿದ್ದವರು, "ಅಮ್ಮಿ, ಸೋಡಾ ಹಾಕಿ ಬಿಸಿನೀರಲ್ಲಿ ಉಜ್ಜಿ ಕೊಟ್ಟುಬಿಡಿ. ಯಾರಿಗೆ ಗೊತ್ತಾಗುತ್ತೆ? ಮೊದಲೇ ಕಾಲ ಸರಿ ಇಲ್ಲ, ಒಂದಕ್ಕೆ ಹತ್ತು ಮಾತು ಬೆಳೆಯುತ್ತೆ" ಅಂದರು.

"ಕಾಲ ಸರಿ ಇಲ್ಲ ಅಂತ ಗೌಡ್ರಮ್ಮನ ಬಾಯಿಗೆ ಇದನ್ನ ಇಕ್ಲಾ?" ಅಂದರು ಅತ್ತೆ. ಒರಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಸೊಂಟಕ್ಕೆ ಏರಿಸಿಕೊಂಡು ಹೊರಟೇಬಿಟ್ಟರು. ನಾನು ಹಿಂದೆ. ನಾಲ್ಕು ಮನೆ ದಾಟುವ ದಾರಿ.

ಗೌಡ್ರಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇದ್ದರು. "ಏನ್ ಬೂಬಮ್ಮ, ಬೀಗರು ಒರಳನ್ನೂ ತಿಂದ್ಬುಟ್ರಾ, ಇಷ್ಟೊತ್ತು ಮಾಡ್ದೆ?" ಎಂದು ನಕ್ಕರು. ಅವರ ಅಳಿಯನಿಗೆ ಅವತ್ತು ಶಾವಿಗೆ ಊಟ ಆಗಬೇಕಿತ್ತು.

"ನಿನ್ನ ಒರಳು ಕೆಟ್ಟೋಯ್ತು ಕಣೇ."

"ಕಾಲು ಮುರೀತಾ?"

"ಮುರಿದಿದ್ರೆ ಮಾಡಿಸ್ಕೊಡ್ತಿದ್ದೆ. ನಮ್ಮ ದೊಡ್ಡದ್ರ ಕೊಬ್ಬು ತಗುಲ್ಬುಟ್ಟೈತೆ. ನನ್ನ ಕೈಯಿಂದ ಆಗೋಯ್ತು."

ನಾನು ಬಾಯಿ ತೆರೆದೆ. ಅತ್ತೆ ತಿರುಗಿ ಒಂದು ನೋಟ ನೋಡಿದರು. ಬಾಯಿ ಮುಚ್ಚಿಕೊಂಡಿತು.

ಗೌಡ್ರಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಒಣಗಿದ ಮೇಲೂ ಒರೆಸುತ್ತಲೇ ಇದ್ದರು. "ನಮ್ಮವ್ವಂದು ಅದು" ಅಂದರು.

"ಗೊತ್ತು."

"ಇಲ್ಲಿ ಇಳಿಸ್ಬ್ಯಾಡ. ತಗೊಂಡೋಗು." ಅಷ್ಟೇ. ಒಳಗೆ ಹೋದರು.

ಹಿಂದಿರುಗುವಾಗ ದಾರಿಯಲ್ಲೇ ನನಗೆ ಅಳು. "ನಾನು ಮಾಡಿದ್ದು ಅಂತ ಯಾಕೆ ಹೇಳಲಿಲ್ಲ ಅಮ್ಮಿ?"

"ನೀನು ಬಂದು ಎರಡು ವರ್ಷ. ನಾನು ಅವಳು ಮೂವತ್ತು ವರ್ಷ. ನನ್ ಮ್ಯಾಲೆ ಬಂದ ಸಿಟ್ಟು ಇಳೀತೈತೆ. ನಿನ್ ಮ್ಯಾಲೆ ಬಂದ್ರೆ ಉಳೀತೈತೆ. ನೀನು ಇನ್ನೂ ಎಷ್ಟು ವರ್ಷ ಈ ಬೀದೀಲಿ ಓಡಾಡ್ಬೇಕು, ಒಸಿ ಯೋಚ್ನೆ ಮಾಡು." ಒರಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡರು. "ಕಣ್ಣೊರೆಸ್ಕೊ. ಬೀದಿ ಜನ ನಾನು ಹೊಡ್ದೆ ಅನ್ಕೊಂತಾರೆ."

ಇಳಿಯುತ್ತದೆ ಅಂದ ಸಿಟ್ಟು ಇಳಿಯಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ಗೌಡ್ರಮ್ಮ ನಮ್ಮ ಜಗಲಿಗೆ ಬರುವುದು ನಿಂತಿತು. ತರಕಾರಿ ಗಾಡಿಯ ಹತ್ತಿರ ಎದುರಾದರೆ ಬದನೆಕಾಯಿ ನೋಡುತ್ತಿದ್ದರು. ಬೀದಿಗೆ ಸುದ್ದಿ ಮಾತ್ರ ಬಿಡಲಿಲ್ಲ. ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಅತ್ತೆಯೂ ಹೋಗಿ ಗೋಗರೆಯಲಿಲ್ಲ. ಒರಳನ್ನು ಅಟ್ಟದ ಮೇಲೆ ಇಟ್ಟರು. ನಮ್ಮನೆಯಲ್ಲಿ ಶಾವಿಗೆ ನಿಂತುಹೋಯಿತು.

ಒಂದು ಭಾನುವಾರ ಗಂಡ ಅಂಗಡಿಯಿಂದ ನೂಡಲ್ಸ್ ಪೊಟ್ಟಣ ತಂದರು. ನಾನೇ ಬೇಯಿಸಿ ಬಸಿದು, ಮೇಲೆ ಗ್ರೇವಿ ಸುರಿದು ಕೊಟ್ಟೆ. ಅತ್ತೆ ಎರಡು ತುತ್ತು ತಿಂದು ತಟ್ಟೆ ಸರಿಸಿದರು. "ಬದುಕೆಲ್ಲಾ ದಾರ ಎಳೆದಿದ್ದೀನಿ. ಅದ್ನೇ ತಿನ್ಬೇಕಾ?" ಎಲ್ಲರೂ ನಕ್ಕೆವು. ಅವರೂ ನಕ್ಕರು. ಆಮೇಲೆ ಅನ್ನ ಹಾಕಿಸಿಕೊಂಡು, ಬೀದಿಯ ಕಡೆ ಮುಖ ಮಾಡಿ ಕೂತು ಉಂಡರು.

ಐದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಗೌಡ್ರಮ್ಮ ಕೇಳಿದರು, "ನಮ್ಮವ್ವನ ಒರಳು ಏನ್ ಮಾಡ್ದೆ?"

"ಅಟ್ಟದ ಮ್ಯಾಲೈತೆ. ಬಟ್ಟೆ ಸುತ್ತಿ ಇಟ್ಟಿದ್ದೀನಿ. ಮುಟ್ಟಿಲ್ಲ."

"ಮುಟ್ಟಿಲ್ವಾ? ಐದು ತಿಂಗ್ಳಿಂದ? ಮರ ಒಣಗಿ ಸೀಳೋಗ್ತೈತೆ, ಹುಳ ಬೀಳ್ತೈತೆ! ಬುದ್ಧಿ ಐತಾ ನಿಂಗೆ?" ದನಿ ಬೀದಿಗೆ ಕೇಳುವಷ್ಟು ಏರಿತು. "ನಮ್ಮನೆಗೆ ಅದು ಬ್ಯಾಡ. ಚನ್ನಪಟ್ಟಣದಾಗೆ ಕಬ್ಬಿಣದ್ದು ತಗೊಂಡ್ಬಂದಿದ್ದೀನಿ ನಾನು. ನಮ್ಮವ್ವಂದು ನೀನೇ ಇಟ್ಕೊ. ಆದ್ರೆ ಬಳಸು."

ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಅತ್ತೆ ನೀರು ಕೊಟ್ಟರು. ಕುಡಿದು ಲೋಟ ಕೆಳಗಿಟ್ಟು ಕೇಳಿದರು, "ನೀನು ಹೇಳ್ದೇ ಇದ್ದಿದ್ರೆ ನಂಗೆ ಗೊತ್ತಾಯ್ತಿತ್ತಾ?"

"ಇಲ್ಲ."

"ಮತ್ಯಾಕೆ ಹೇಳ್ದೆ?"

"ನಿಂಗೆ ಸುಳ್ಳು ಹೇಳಿ ನಂಗೆ ಅಭ್ಯಾಸ ಇಲ್ಲ."

ಗೌಡ್ರಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನ ಕಡೆ ನೋಡಿ, "ಹೂಂ, ಇಲ್ಲ ಇಲ್ಲ" ಅಂದರು.

ಅಂದಿನಿಂದ ನಮ್ಮನೆಯಲ್ಲಿ ಶಾವಿಗೆ ಇದ್ದ ದಿನ ಅವರೇ ಬಂದು ಹಿಡಿಯ ಮೇಲೆ ಭಾರ ಬಿಟ್ಟು ಒತ್ತಿಕೊಡುತ್ತಿದ್ದರು. ತಾವು ತಿನ್ನದ ಊಟಕ್ಕೆ! ಗ್ರೇವಿ ಪಾತ್ರೆ ಒಳಗೆ ಬರುವ ಹೊತ್ತಿಗೆ ಎದ್ದು, "ನಿನ್ನ ಘಾಟು ಬರೋ ಮುಂಚೆ ಓಡೋಗ್ತೀನಿ" ಎಂದು ಹೊರಡುತ್ತಿದ್ದರು. ಕಾಯಿಹಾಲಿಗೆಂದು ಅವರ ಪಾಲಿನ ಶಾವಿಗೆಯನ್ನು ಅವರ ಮನೆಯ ಕಬ್ಬಿಣದ ಒರಳಿನಲ್ಲಿ ಅತ್ತೆ ಹೋಗಿ ಒತ್ತಿಕೊಟ್ಟು ಬರುತ್ತಿದ್ದರು.

ಹೋದ ವರ್ಷ ಅತ್ತೆ ತೀರಿಕೊಂಡರು. ಉಸಿರಿನ ತೊಂದರೆ, ಬಿಚ್ಚಾಣಿಕೆಯ ಹೊಗೆ, ಆವಿ ಕುಡಿದ ಎದೆ. ಕೊನೆಯ ತಿಂಗಳು ಮಂಚದ ಮೇಲಿನಿಂದಲೇ ವಾಸನೆ ಹಿಡಿದು ಹೇಳುತ್ತಿದ್ದರು, "ಉರಿ ತಗ್ಸು, ಈರುಳ್ಳಿ ಕಪ್ಪಾಯ್ತೈತೆ." ನೋಡಿದರೆ ಆಗಿರುತ್ತಿತ್ತು. ಮಣ್ಣಿಗೆ ಒಯ್ಯುವ ಮುಂಚೆ ಮೈ ತೊಳೆಯುವಾಗ ಆ ಬೆರಳುಗಳನ್ನು ನಾನು ಒಂದೊಂದಾಗಿ ಹಿಡಿದೆ.

ನಲವತ್ತನೆಯ ದಿನ ಕಳೆದ ಮೇಲೆ ಗೌಡ್ರಮ್ಮನ ಮನೆಗೆ ಹೋದೆ. ಅವರಿಗೂ ಮಂಡಿ ನೋವು. ಕುರ್ಚಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಹದಿನೆಂಟು ವರ್ಷದಿಂದ ಒಳಗೆ ಕೂತಿದ್ದ ಮಾತನ್ನು ಹೇಳಿದೆ. "ಆವತ್ತು ಕೊಬ್ಬು ಸವರಿದ್ದು ಅಮ್ಮಿ ಅಲ್ಲ. ನಾನು."

"ಹೂಂ" ಅಂದರು. ಒಂದು ಕಾಯಿ ಬಿಡಿಸಿದರು. "ಆವತ್ತೇ ಗೊತ್ತಿತ್ತು. ಅವ್ಳು ಅಂಥ ಕೆಲಸ ಮಾಡೋ ಹೆಂಗಸಾ? ಮೂವತ್ತು ವರ್ಷ ಒರಳು ಕೊಟ್ಟೋಳಿಗೆ ಅಷ್ಟೂ ಗೊತ್ತಾಗಲ್ವಾ?"

"ಮತ್ತೆ ಐದು ತಿಂಗಳು ಅವರ ಮೇಲೆ ಸಿಟ್ಟು ಮಾಡಿಕೊಂಡಿರಲ್ಲಾ!"

ಅವರು ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿದರು. ಆಮೇಲೆ ಮೊರ ಪಕ್ಕಕ್ಕೆ ಇಟ್ಟರು. "ಕೊಬ್ಬಿನ ಸಿಟ್ಟು ಎಂಟು ದಿನಕ್ಕೆ ಹೋಯ್ತು ಕಣವ್ವ. ನಮ್ಮತ್ತೆ ನಾನು ಮಾಡ್ದೆ ಇರೋ ತಪ್ಪನ್ನೂ ಊರೆಲ್ಲಾ ಸಾರ್ಕೊಂಡು ಬಂದೋಳು. ನಿಮ್ಮತ್ತೆ ನೋಡಿದ್ರೆ, ನಿನ್ನ ಹಿಂದೆ ನಿಲ್ಲಿಸ್ಕೊಂಡು ನನ್ ಕೈಯಿಂದ ಆಯ್ತು ಅಂತಾಳೆ. ಅದು ಕಣ್ಣಿಗೆ ಕಟ್ಬುಡ್ತು. ಸಿಟ್ಟಲ್ಲ ಅದು, ಹೊಟ್ಟೆಕಿಚ್ಚು. ನಿಮ್ಮನೆ ಬಾಗ್ಲಿಗೆ ಬರೋಕೆ ನಂಗೆ ಮುಖ ಇರ್ಲಿಲ್ಲ."

ನಾನು ಮೊರ ಹತ್ತಿರ ಎಳೆದುಕೊಂಡು ಉಳಿದ ಅವರೆಕಾಯಿ ಬಿಡಿಸಿಕೊಟ್ಟು ಮನೆಗೆ ಬಂದೆ.

ಆ ಐದು ತಿಂಗಳು ಅತ್ತೆ ದಿನಾ ಸಂಜೆ ಜಗಲಿಯ ಮೇಲೆ ಕೂತು ಮೂಲೆಮನೆಯ ಕಡೆ ನೋಡುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಕತ್ತಲಾಗುವವರೆಗೂ ಕೂತು, ಎದ್ದು ಒಳಗೆ ಬಂದು, ಎಸರಿಗೆ ಇಟ್ಟೆಯಾ ಅಂತ ಕೇಳುತ್ತಿದ್ದರು. ನಿನ್ನಿಂದ ಹೀಗಾಯಿತು ಅಂತ ಒಂದು ಸಂಜೆಯೂ ಅನ್ನಲಿಲ್ಲ.