ಹೊಳೆವ್ವನ ಜೋಳದ ಕಾಳು

ತಿಕೋಟಾ ಕಡೆಯ ಕಳ್ಳಕವಟಗಿಯ ಹೊಳೆವ್ವ ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ನಿಧಾನಕ್ಕೆ ಓದುತ್ತಾಳೆ. ಆದರೆ ಒಂದಕ್ಷರವನ್ನೂ ಬಿಡುವುದಿಲ್ಲ.

ಹೋದ ಸಲ ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಸಂಸ್ಥೆಯವರು ಕಣ್ಣಿನ ಪೊರೆ ತೆಗೆಯುವ ಶಿಬಿರದ ಕರಪತ್ರ ಹಂಚಿದ್ದರು. ಎಂಟು ಪುಟ. ಭಜಿ ಕಟ್ಟಲಿಕ್ಕೂ ಬಾರದ ನುಣುಪು ಕಾಗದ. ಕಣ್ಣು ಕಾಣದವರಿಗೆಂದು ಮಾಡಿದ್ದರಲ್ಲಿ ಇರುವೆ ಸಾಲಿನಂಥ ಅಕ್ಷರ! ಜೊತೆಗೊಬ್ಬರು ಬರಲೇಬೇಕೆಂಬ ಮಾತು ಏಳನೇ ಪುಟದ ತಳದಲ್ಲಿತ್ತು. ಹೊಳೆವ್ವನ ನೆಗೆಣ್ಣಿ ಮಹಾನಂದಾಳ ಕಣ್ಣಿಗೆ ಪೊರೆ ಬಂದಿತ್ತು. ಜೊತೆಗೆ ಬಾ ಎಂದು ಆಕೆ ತನ್ನ ಅಳಿಯ ಯಲ್ಲಾಲಿಂಗನನ್ನು ಕರೆದಾಗ ಅವನು ಮೊದಲ ಪುಟವಷ್ಟೇ ನೋಡಿ, "ಹಂಗೇನ ಬರದಿಲ್ಲ ಅತ್ತಿ, ಒಬ್ಬಾಕಿನ ಹೋಗ್ರಿ" ಎಂದಿದ್ದ. ಜೊತೆಗೆ ಯಾರೂ ಇಲ್ಲವೆಂದು ಆಕೆಯನ್ನು ಶಿಬಿರದ ಗೇಟಿನಿಂದಲೇ ತಿರುಗಿ ಕಳಿಸಿದರು. ಈಗ ಆಕೆಗೆ ಹಂಚಿನ ಮೇಲಿನ ರೊಟ್ಟಿಯೂ ಕಾಣುವುದಿಲ್ಲ. ಮೊನ್ನೆ ಬೆರಳು ಸುಟ್ಟುಕೊಂಡಳು.

ಮುಂದಿನ ಶಿಬಿರದ ಕರಪತ್ರ ಬರೆಯುವ ಕೆಲಸ ಅದೇ ಸಂಸ್ಥೆಯ ಕಾವ್ಯಾಳಿಗೆ ಬಂತು. ಬಬಲೇಶ್ವರದ ಹುಡುಗಿ. ಹಳ್ಳಿಯವರಿಗೆ ತಿಳಿಯುತ್ತದೋ ಇಲ್ಲವೋ ನೋಡಲು ಹೊಳೆವ್ವನ ಮನೆಗೆ ಬಂದಳು. ಹೊಳೆವ್ವ ಒಂದು ಹಿಡಿ ಜೋಳ ತಂದು ಕೂತಳು. ತಿಳಿಯದ ಮಾತಿನ ಮೇಲೆಲ್ಲ ಒಂದೊಂದು ಕಾಳಿಟ್ಟಳು. 'ಸಮಗ್ರ', 'ಅನುಷ್ಠಾನ', 'ಫಲಾನುಭವಿ'... ಮೊದಲ ಪುಟಕ್ಕೇ ಹಿಡಿ ಮುಗಿಯಿತು.

"ಯವ್ವಾ, ಇದ್ರಾಗ ಜ್ವಾಳ ಬಿತ್ತಾಕತ್ತೀಯೇನ?"

"ಬಿತ್ತಿದ್ರ ಹುಟ್ಟೂದಿಲ್ಲ ತಂಗಿ, ಬರೇ ಕಲ್ಲನೆಲ ಐತಿದು. ಕಾಳ ಬಿದ್ದದ್ದೆಲ್ಲಾ ತಗಿ. ಯಾವತ್ತ, ಎಲ್ಲಿ, ಏನ ತರಬೇಕು, ಯಾರ್ನ ಕರ್ಕೊಂಡ ಬರಬೇಕು, ಇಷ್ಟ ದೊಡ್ಡದಾಗಿ ಬರಿ."

ಮೂರು ಸಲ ತಿದ್ದಿದ ಮೇಲೆ ಒಂದೇ ಹಾಳೆ ಉಳಿಯಿತು. ಗುರುವಾರ ಮುಂಜಾನೆ ಎಂಟಕ್ಕೆ ತಿಕೋಟಾ ಬಸ್ ಸ್ಟ್ಯಾಂಡಿಗೆ ನಮ್ಮ ಗಾಡಿ ಬರುತ್ತದೆ. ಆಧಾರ್ ಕಾರ್ಡ್ ತನ್ನಿ. ಮನೆಯವರೊಬ್ಬರು ಜೊತೆಗೆ ಬರಲೇಬೇಕು. ಇದರ ಮೇಲೆ ಒಂದು ಕಾಳೂ ಬೀಳಲಿಲ್ಲ.

ಅಚ್ಚಿಗೆ ಹೋಗುವ ಮುಂಚೆ ಸಂಸ್ಥೆಯ ಸಾಹೇಬ ಸುಭಾಷ ಕಾವ್ಯಾಳನ್ನು ಕರೆದುಕೊಂಡು ತಾನೇ ಹಾಳೆ ಹಿಡಿದು ಹೊಳೆವ್ವನ ಮನೆಗೆ ಬಂದ. ನಟ್ಟನಡುವೆ ಅವನ ಮುಖ! ಜೊತೆಗೆ ಬರಲೇಬೇಕೆಂಬ ಮಾತು ಮತ್ತೆ ಅಂಚಿಗೆ ಸರಿದು ಇರುವೆಯಾಗಿತ್ತು. ಹೊಳೆವ್ವ ಬೆರಳಿಟ್ಟು ಎಲ್ಲ ಓದಿದಳು. ಆಮೇಲೆ ಆ ಮುಖದ ಮೇಲೆ ಒಂದು ಕಾಳಿಟ್ಟಳು.

"ಏನಬೇ ಇದು?"

"ಇದೊಂದ ತಿಳೀಲಿಲ್ರಿ ಸಾಹೇಬ್ರ. ನಿಮ್ಮ ಮಾರಿ ನೋಡಿದ್ರ ಪೊರೆ ಹೋಗತೈತೇನ್ರಿ?"

ಕಾವ್ಯಾ ವೇಲಿನಿಂದ ಬಾಯಿ ಮುಚ್ಚಿಕೊಂಡಳು.

"ಜನಾ ನನ್ನ ಗುರ್ತ ಹಿಡೀಬೇಕಲ್ಲ!"

"ಕಣ್ಣ ಕಾಣದವರು ಹೆಂಗ ಹಿಡೀತಾರ್ರಿ? ಹಿಂದಿನ ಬದಿ ಖಾಲಿ ಐತಿ. ಅಲ್ಲಿ ಗೋಳಗುಮ್ಮಟದಷ್ಟ ದೊಡ್ಡದ ಹಾಕ್ಸ್ರಿ."

ದೊಡ್ಡದು ಎಂಬ ಮಾತಿಗೆ ಸಾಹೇಬ ಒಲಿದ. ಹಿಂಬದಿಯ ತುಂಬ ಅವನೇ ಅಚ್ಚಾದ. ಮುಂಬದಿಯಲ್ಲಿ ಜೊತೆಗೆ ಬರಲೇಬೇಕೆಂಬ ಮಾತು ಮತ್ತೆ ದೊಡ್ಡದಾಯಿತು.

ಹೊಳೆವ್ವ ಹಿಟ್ಟಿನ ಅಂಟು ಕಾಯಿಸಿ, ಹಣೆಯಿಂದ ಗದ್ದದ ತನಕ ಅವನ ಮುಖಕ್ಕೆ ಬಳಿದು, ಹಾಳೆಯನ್ನು ಗಿರಣಿಯ ಗೋಡೆಗೆ ಒತ್ತಿದಳು. ಜೋಳ ಬೀಸಿಸಲು ಬಂದ ಯಲ್ಲಾಲಿಂಗನಿಗೆ ಈ ಸಲ ತಪ್ಪಿಸಿಕೊಳ್ಳಲು ಸಂದಿ ಸಿಗಲಿಲ್ಲ. ಗುರುವಾರ ಎಂಟಕ್ಕೆ ಅತ್ತೆಯ ಕೈ ಹಿಡಿದು ಗಾಡಿ ಹತ್ತಿಸಿದ, ತಾನೂ ಹತ್ತಿದ.