ಕೆಂಪು ಗೆರೆ ಇಲ್ಲದ ಚೀಟಿ

ಸಂಸೆಯ ಹತ್ತಿರ ನಮ್ಮ ಎಸ್ಟೇಟಿನ ಸಣ್ಣ ಆಸ್ಪತ್ರೆಯನ್ನು ಹನ್ನೊಂದು ವರ್ಷ ಗುಡಿಸಿ ಒರೆಸಿದವಳು ಕುಲ್ಸುಮ್. ಬೇಡವಾದ ಚೀಟಿಗಳನ್ನು ಸುಡುವುದೂ ಆಕೆಯದೇ ಕೆಲಸ. ಡಾಕ್ಟರು ಬರೆದ ಚೀಟಿಯನ್ನು ಕಾಂಪೌಂಡರ್ ತಮ್ಮಯ್ಯನವರು ರಿಜಿಸ್ಟರಿಗೆ ಇಳಿಸಿ, ಕೆಂಪು ಗೆರೆ ಎಳೆದು ತಗಡಿನ ಡಬ್ಬಕ್ಕೆ ಹಾಕುತ್ತಿದ್ದರು. ಕುಲ್ಸುಮ್ ಸುಡಬಹುದಾದದ್ದು ಆ ಡಬ್ಬದಲ್ಲಿದ್ದ, ಗೆರೆ ಎಳೆದ ಚೀಟಿಗಳನ್ನು ಮಾತ್ರ. ಮೇಜಿನ ಮೇಲಿನ ಕಾಗದ ತಾನೂ ಮುಟ್ಟುವಂತಿಲ್ಲ, ತಮ್ಮಯ್ಯನವರು ಇಲ್ಲದಾಗ ಬೇರೆಯವರನ್ನೂ ಒಳಗೆ ಬಿಡುವಂತಿಲ್ಲ. ಡಾಕ್ಟರೇ ಬಾಯಲ್ಲಿ ಹೇಳಿದರೂ ಇಲ್ಲ. ಹಿಂದೊಮ್ಮೆ ಕೂಲಿ ಲೈನಿನ ಮನೆಗಳ ಮಕ್ಕಳ ಚುಚ್ಚುಮದ್ದಿನ ಚೀಟಿಗಳೆಲ್ಲ ಒಲೆಗೆ ಹೋದ ಮೇಲೆ ಎಸ್ಟೇಟಿನ ಯಜಮಾನರು ಮಾಡಿದ ನಿಯಮ ಅದು. ಓದು ಬಾರದ ಕುಲ್ಸುಮ್‌ಗೆ ಗೆರೆ ಮಾತ್ರ ಗೊತ್ತಾಗುತ್ತಿತ್ತು.

೧೯೭೯ರ ಫೆಬ್ರವರಿ, ಒಂದು ಭಾನುವಾರ. ಎಂಟು ತಿಂಗಳ ನನ್ನ ಮಗಳಿಗೆ ಜ್ವರ, ಉಸಿರಿಗೆ ಪಕ್ಕೆ ಸೆಳೆಯುತ್ತಿತ್ತು. ನಮ್ಮ ಡಾಕ್ಟರು ರಜೆಯಲ್ಲಿದ್ದರು. ಕಳಸದ ಆಸ್ಪತ್ರೆಗೆ ಒಯ್ಯಲು ಜೀಪು ನಿಂತಿತ್ತು. ಹದಿನೈದು ದಿನದ ಹಿಂದೆ ಒಂದು ಇಂಜೆಕ್ಷನ್‌ಗೆ ಅವಳ ಮೈಯೆಲ್ಲ ಊದಿಕೊಂಡಿತ್ತು. ಮತ್ತೆ ಅದನ್ನೇ ಕೊಟ್ಟರೆ ಜೀವಕ್ಕೆ ಅಪಾಯ ಎಂದಿದ್ದರು ಡಾಕ್ಟರು. ಅದರ ಹೆಸರು ನನಗೆ ನೆನಪಿರಲಿಲ್ಲ, ಇದ್ದದ್ದು ನಮ್ಮ ಆಸ್ಪತ್ರೆಯಲ್ಲಿದ್ದ ಚೀಟಿಯಲ್ಲಿ.

ಅಲ್ಲಿಗೆ ಓಡಿದೆ. ಗುಡಿಸುತ್ತಿದ್ದ ಕುಲ್ಸುಮ್ ಬಾಗಿಲಿಗೆ ಅಡ್ಡ ನಿಂತಳು.

“ನಾನೇ ಓದಿ ಹುಡುಕ್ತೀನಿ, ಬಿಡು.”

“ಬಿಡೋ ಹಾಗಿಲ್ಲ ಅಮ್ಮ. ಅಲ್ಲಿ ಎಲ್ರ ಕಾಯಿಲೆನೂ ಬರ್ದಿಟ್ಟಿದೆ.”

“ನನ್ನ ಮಗು ಕಣೇ ಇದು. ನಿಂಗೆ ಮಕ್ಕಳಿಲ್ವಾ?”

“ಮೂರಿದಾವೆ. ಇಲ್ಲೇ ಕೂತ್ಕೊಳಿ, ತಮ್ಮಯ್ಯನವ್ರನ್ನ ಕರ್ಕೊಂಡ್ ಬರ್ತೀನಿ.”

ಬೀಗ ಹಾಕಿ, ಚಪ್ಪಲಿ ಅಲ್ಲೇ ಬಿಟ್ಟು, ಜೀಪು ಹತ್ತದ ಏರುದಾರಿಯಲ್ಲಿ ಓಡಿದಳು. ಆ ಅರ್ಧ ಗಂಟೆ ನಾನು ಆಕೆಗೆ ಹಾಕಿದ ಶಾಪವನ್ನು ಇಲ್ಲಿ ಬರೆಯಲಾರೆ.

ತಮ್ಮಯ್ಯನವರು ಬಂದು ರಿಜಿಸ್ಟರ್ ತೆರೆದರು. ಮಗಳ ಹೆಸರೇ ಇರಲಿಲ್ಲ. ಅವರು ಪುಟ ತಿರುವುವುದನ್ನು ನಿಲ್ಲಿಸಿದರು.

“ಆ ವಾರದ್ದು ನಾನು ಇಳಿಸೇ ಇಲ್ಲ. ಮೊನ್ನೆ ಮೇಜಿನ ಮೇಲಿರೋದೆಲ್ಲ ಸುಟ್ಬಿಡು ಅಂತ ಇವಳಿಗೆ ಹೇಳಿದ್ದೆ.”

“ನೀವು ಹೇಳಿದ್ರಿ. ಗೆರೆ ಇರ್ಲಿಲ್ಲ,” ಎಂದಳು ಕುಲ್ಸುಮ್, ಹೊಸ್ತಿಲಾಚೆ ಏದುಸಿರು ಬಿಡುತ್ತ. “ಅಲ್ಲೇ ಇದಾವೆ, ನೋಡಿ.”

ಮೇಜಿನ ಮೇಲಿದ್ದ ಚೀಟಿಗಳ ಕಟ್ಟಿನ ನಡುವೆ ಮಗಳದ್ದು ಸಿಕ್ಕಿತು. ಕಳಸದ ಡಾಕ್ಟರು ಅದನ್ನು ಓದಿ, ಔಷಧಿ ತುಂಬಿಸಿಟ್ಟಿದ್ದ ಸಿರಿಂಜನ್ನು ಬದಿಗಿಟ್ಟರು. ಬೇರೆ ಮದ್ದು ಕೊಟ್ಟರು. ಮಗು ಉಳಿಯಿತು.

ವಾರದ ಮೇಲೆ ಅವಳನ್ನು ಎತ್ತಿಕೊಂಡು ಕುಲ್ಸುಮ್ ಮನೆಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋದದ್ದು. ಬಾಯಿಗೆ ಬಂದದ್ದು ಬೇರೆ.

“ತಮ್ಮಯ್ಯನವ್ರು ಮನೇಲಿ ಇಲ್ದಿದ್ರೆ ಏನ್ ಮಾಡ್ತಿದ್ದೆ?”

ಕುಲ್ಸುಮ್ ಮಗುವಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಳು.

“ಗೊತ್ತಿಲ್ಲ ಅಮ್ಮ. ಓಡುವಾಗ ನಾನೂ ಅದನ್ನೇ ಕೇಳ್ಕೋತಿದ್ದೆ.”